ಅರಿಷಿಣದ ಕೈ, ಬಿಳಿ ಲೇಸು

ಲೇಸು ಕಲಿಸುವ ಕೆಲಸಕ್ಕೆ ಹೊರಟ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಪಡಸಾಲೆಯಲ್ಲಿ ಕುಳಿತು, "ಏನೇನು ಒಯ್ಯಬೇಕ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಕೊಕ್ಕೆಸೂಜಿ, ನೂಲಿನ ಉಂಡೆ, ಕತ್ತರಿ ಎಂದು ನಾನು ಹೇಳುವುದಿಲ್ಲ. ಅವನ್ನೆಲ್ಲ ಯಾರಾದರೂ ಕೊಡುತ್ತಾರೆ. ಮೊದಲು ಆ ಊರಿನ ಹೆಣ್ಣುಮಕ್ಕಳ ಕೈ ನೋಡಿ ಬರ್ರಿ ಎನ್ನುತ್ತೇನೆ. ಮುದುಕಿ ಒಗಟು ಹಾಕುತ್ತಾಳೆ ಎಂದುಕೊಂಡು ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಗಟೇನೂ ಇಲ್ಲ. ಇಳಕಲ್ಲಿನಲ್ಲಿ ನಾನು ನಡೆಸಿದ ಲೇಸಿನ ವರ್ಗ ಮುಳುಗುವಂತಾದದ್ದೂ ಉಳಿದದ್ದೂ ಕೈಗಳ ಬಣ್ಣದಿಂದಲೇ. ಬಾಯಲ್ಲಿ ಹೇಳುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ನಾನು ಮನೆವಾರ್ತೆಯ ಹೆಂಗಸು. ತಂದೆ ರೈಲಿನ ಸ್ಟೇಶನ್ನಿನಲ್ಲಿ ತಂತಿ ಕಳಿಸುವ ತಾರು ಮಾಸ್ತರರಾಗಿದ್ದರು. ತಾಯಿ ಬೇಗ ಹೋದಳು. ದಂಡಿನ ಊರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ನನ್ನನ್ನು ಬಿಟ್ಟು, ಅಲ್ಲಿಯ ಕಾನ್ವೆಂಟಿಗೆ ಹಾಕಿದರು. ಸಂಜೆ ಮನೆಗೆ ಬಂದ ಕೂಡಲೇ ಅತ್ತೆ ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದು ಒಳಗೆ ಕರೆದುಕೊಳ್ಳುತ್ತಿದ್ದಳು. ಬೈಬಲ್ಲಿನ ಕಥೆಗಳೆಲ್ಲ ಆ ನೀರಿನೊಂದಿಗೆ ಹೋದವೋ ಏನೋ, ಕೊಕ್ಕೆಸೂಜಿಯಿಂದ ಲೇಸು ಹೆಣೆಯುವ ಕ್ರೋಶಾ ಮಾತ್ರ ಕೈಯಲ್ಲಿ ಉಳಿಯಿತು.

ಕ್ರೋಶಾ ಕಲಿಸುತ್ತಿದ್ದವರು ಸಿಸ್ಟರ್ ಅಗ್ನೆಸ್. ನೂಲಿನ ಉಂಡೆ ಉರುಳಬಾರದೆಂದು ಅದನ್ನು ಒಂದು ಹಿತ್ತಾಳೆಯ ಬಟ್ಟಲಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ನೂಲು ಎಳೆದಾಗಲೆಲ್ಲ ಉಂಡೆ ಬಟ್ಟಲಿನೊಳಗೆ ತಿರುಗುವ ಸಣ್ಣ ಸದ್ದು ಕೇಳುತ್ತಿತ್ತು. ಒಂದು ದಿನ ನಾನು ಮಾತಿನ ನಡುವೆ "ನಿಮ್ಮ ಇಂಗ್ಲೆಂಡಿನಲ್ಲಿ" ಎಂದೆ. ಆ ಸದ್ದು ನಿಂತಿತು. ಅವರು ಬೈಯಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ನಕಾಶೆಯಲ್ಲಿ ಪಶ್ಚಿಮದ ಸಣ್ಣ ದ್ವೀಪದ ಮೇಲೆ ಬೆರಳಿಟ್ಟರು. "ಇದು ನನ್ನ ಮನೆ, ಐರ್ಲಂಡ್. ಪಕ್ಕದ್ದು ಇಂಗ್ಲೆಂಡು, ನೆರೆಮನೆ. ನಮ್ಮ ಮನೆಯ ಕೀಲಿಕೈ ಮಾತ್ರ ನೆರೆಮನೆಯವರ ಸೊಂಟದಲ್ಲಿದೆ," ಎಂದರು. ಬಿಳಿಯರೆಲ್ಲ ಒಂದೇ ಎಂದು ತಿಳಿದಿದ್ದ ನನಗೆ ಅದು ಹೊಸ ಪಾಠ. ಆಗ ಅದರಿಂದ ಏನು ಉಪಯೋಗ ಎಂದು ತಿಳಿಯಲಿಲ್ಲ.

ಮದುವೆಯಾಗಿ ಬಾಗಲಕೋಟೆಗೆ ಬಂದೆ. ನಮ್ಮವರು ಅಸಿಸ್ಟಂಟ್ ಕಲೆಕ್ಟರರ ಕಚೇರಿಯಲ್ಲಿ ಕಾರಕೂನರು. ಒಂದು ಮಧ್ಯಾಹ್ನ ಬಾಗಿಲಲ್ಲಿ ಟಾಂಗಾ ನಿಂತು, ಕೆಂಪು ಕೂದಲಿನ, ಮೂಗಿನ ತುಂಬ ಕಂದು ಚುಕ್ಕೆಗಳಿದ್ದ ಒಬ್ಬ ಬಿಳಿ ಹೆಂಗಸು ಇಳಿದಳು. ಹೆಸರು ಮಿಸ್ ಕೀನ್. ಅಣ್ಣ ರೈಲಿನ ಹಳಿಗಳ ಇನ್ಸ್‌ಪೆಕ್ಟರನಾಗಿದ್ದ, ಅವನ ಮನೆ ನೋಡಿಕೊಳ್ಳಲು ಬಂದವಳು. ನಾನು ಮಗುವಿನ ಕುಲಾವಿಗೆ ಹಾಕಿದ್ದ ಲೇಸನ್ನು ಯಾರದೋ ಮನೆಯ ತೊಟ್ಟಿಲಲ್ಲಿ ನೋಡಿ, ಇದು ತನ್ನ ದೇಶದ ಹೆಣಿಗೆ, ಇಲ್ಲಿ ಯಾರ ಕೈಯಲ್ಲಿದೆ ಎಂದು ಹುಡುಕಿಕೊಂಡು ಬಂದಿದ್ದಳು. ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಬೇಕು, ಭಾಷೆ ಬಲ್ಲವರೊಬ್ಬರು ಬೇಕು ಎಂದಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಅವರು ಸಾರಿನಲ್ಲಿ ಕೈ ಆಡಿಸುತ್ತ, "ಮನಿ ಕೆಲಸಾ ಯಾರು ಮಾಡೋರು?" ಎಂದರು.

"ನಾನ. ಮಾಡಿ ಮುಗಿಸೇ ಹೋಗ್ತೇನಿ."

"ಮಂದಿ ಏನಂತಾರ?"

"ಮಂದಿ ಈಗರೆ ಏನು ಸುಮ್ಮನಿದ್ದಾರ? ಕಾನ್ವೆಂಟಿನ ಸೊಸಿ, ಸಾರಿಗೆ ಉಪ್ಪು ಹಾಕೋದು ಗೊತ್ತಿಲ್ಲ ಅಂತಾರ."

ಅವರು ಸಾರು ಸುರಿದುಕೊಂಡು, "ಉಪ್ಪು ಬರೋಬರಿ ಅದ," ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದೆ.

ಮೊದಲ ವರ್ಗ ಬಾದಾಮಿಯಲ್ಲಿ, ಧರ್ಮಶಾಲೆಯ ಒಂದು ಕೋಣೆಯಲ್ಲಿ. ಚೊಳಚಗುಡ್ಡದಿಂದಲೂ ಹೆಂಗಸರು ನಡೆದು ಬರುತ್ತಿದ್ದರು. ಆ ವರ್ಗವನ್ನು ಮುಗಿಸಿದ್ದು ಮಂಗಗಳು. ಹೆಣೆದು ಒಗೆದ ಲೇಸಿನ ಕಾಲರುಗಳನ್ನು ಗೋಡೆಯ ಮೇಲೆ ಒಣಹಾಕಿದ್ದೆವು. ದೊಡ್ಡ ಗಡವವೊಂದು ಬಂದು ಎಲ್ಲಕ್ಕಿಂತ ಚಲೋದನ್ನೇ ಆರಿಸಿ, ಕೊರಳಿಗೆ ಸಿಕ್ಕಿಸಿಕೊಂಡು ಕೋಟೆಯ ಬಂಡೆ ಹತ್ತಿತು. ಮರುದಿನದಿಂದ ಹೆಂಗಸರು, ಅದು ಮಾರುತಿಯ ಇಚ್ಛೆ, ನಮಗೆ ಬೇಡ ಎಂದು ಬಿಟ್ಟುಬಿಟ್ಟರು. ಮಿಸ್ ಕೀನ್ ಮಾತ್ರ ಬಂಡೆಯತ್ತ ನೋಡಿ, "ನಮ್ಮ ಮೊದಲ ಗಿರಾಕಿ. ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ," ಎಂದಳು. ಸೋತಾಗ ನಗುವುದನ್ನು ನಾನು ಆಕೆಯಿಂದ ಕಲಿತೆ. ಮತ್ತೆ ಶುರು ಮಾಡುವುದನ್ನೂ.

ಅಷ್ಟರಲ್ಲಿ ನಮ್ಮವರಿಗೆ ಹುನಗುಂದದ ಕೆಲಸ ಬಿತ್ತು. ಅಲ್ಲಿಂದ ಇಳಕಲ್ಲ ಹತ್ತಿರ. ಅಡುಗೆ ಮುಗಿಸಿ, ಮಾವನವರಿಗೆ ಬಡಿಸಿ, ಬಾಡಿಗೆಯ ಚಕ್ಕಡಿಯಲ್ಲಿ ಹೋಗಿ ಬರುತ್ತಿದ್ದೆ. ಮಿಸ್ ಕೀನ್ ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ಬರುತ್ತಿದ್ದಳು. ಕೋಣೆಗೆ ಹಂಚು ಹೊದಿಸಿ, ನೂಲಿನ ಖರ್ಚು ಕೊಡುತ್ತಿದ್ದವರು ಅಸಿಸ್ಟಂಟ್ ಕಲೆಕ್ಟರರ ಮಡದಿ ಮಿಸೆಸ್ ಹಾರ್ಟನ್. ನಮ್ಮ ಹೆಂಗಸರು ಮ್ಯಾಡಂ ಎನ್ನಲು ಬಾರದೆ ಅವರನ್ನು ಮಡ್ಡಮ್ಮ ಎನ್ನುತ್ತಿದ್ದರು, ಮಿಸ್ ಕೀನ್‌ಳನ್ನು ಕೀನಬಾಯಿ.

ಈ ಎರಡು ಹೆಸರು ಬೇರೆಯಾಗಲು ಕಾರಣವಿತ್ತು. ಇಂಗ್ಲಿಷರು ಎಂದಾಗಲೆಲ್ಲ ಕೀನಬಾಯಿ ತಿದ್ದುತ್ತಿದ್ದಳು. ಸಿಸ್ಟರ್ ಅಗ್ನೆಸ್ ಹೇಳಿದ ಕೀಲಿಕೈಯ ಮಾತನ್ನು ನಾನು ಹೆಂಗಸರಿಗೆ ಹೇಳಿದೆ. ರೇಶಿಮೆಗೆ ಬಣ್ಣ ಹಾಕುವವರ ಮನೆಯ ಖತೀಜಾಬಿ ಸೂಜಿ ನಿಲ್ಲಿಸಿ, "ಅಂದ್ರ ಬಿಳೇರ ಮ್ಯಾಲೂ ಬಿಳೇರ ರಾಜ್ಯಾ ಐತೇನ್ರಿ?" ಎಂದಳು.

"ಐತಿ."

"ಹಂಗಾರ ಕೀನಬಾಯಿ ನಮ್ಮಂಗ ಅಂದಂಗಾತು."

ಪಕ್ಕದಲ್ಲಿದ್ದ ರಾಚವ್ವ ತಲೆ ಎತ್ತಲಿಲ್ಲ. "ನಮ್ಮಂಗ ಹೆಂಗವಾ? ಆಕಿ ಟಾಂಗಾದಾಗ ಬರ್ತಾಳ. ಆಕಿ ಅಣ್ಣ ಅವರದ ಚಾಕರಿ ಮಾಡ್ತಾನ."

ನನ್ನ ಗಂಡನೂ ಅವರದೇ ಚಾಕರಿ ಮಾಡುತ್ತಿದ್ದರು.

ರಾಚವ್ವನ ಪರಿಚಯ ಹೇಳಬೇಕು. ನೇಕಾರರ ಮನೆಯ ಹಿರಿಯ ಸೊಸೆ, ಮೊಮ್ಮಕ್ಕಳನ್ನು ಕಂಡವಳು, ಗಂಡ ಇನ್ನೂ ಮಗ್ಗದ ಮೇಲಿದ್ದ. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಕುಂಕುಮ, ಕೆನ್ನೆಗೆ ಕೈಗೆ ಗಾಢವಾದ ಅರಿಷಿಣ. ಆಕೆ ಹೂಂ ಎಂದರೆ ಓಣಿ ಹೂಂ ಎನ್ನುತ್ತಿತ್ತು. ಉಳಿದ ಮುತ್ತೈದೆಯರ ಕೈಗಳೂ ಹಾಗೆಯೇ ಹಳದಿ. ಖತೀಜಾಬಿಯ ಕೈ ಬಣ್ಣದ ಹರವಿಯಿಂದ ಮೊಣಕೈವರೆಗೆ ನೀಲಿ. ನಾನು ಮಾಡಿದ ಮೊದಲ ತಪ್ಪು ಇದನ್ನು ನೋಡಿಯೂ ನೋಡದೇ ಇದ್ದದ್ದು. ಬಿಳಿ ಲೇಸು ವಾರ ಕಳೆಯುವುದರೊಳಗೆ ಹಳದಿಯಾಯಿತು. ಕೀನಬಾಯಿ ಅದನ್ನೆಲ್ಲ ಗಂಟು ಕಟ್ಟಿ ಒಯ್ದು ವಿಲಾಯತಿ ಸಾಬೂನಿನಲ್ಲಿ ಕುದಿಸಿದಳು. ಸಾಬೂನು ತಾಗಿದ ಕೂಡಲೇ ಹಳದಿ ಕೆಂಪಾಯಿತು. ಹೆಂಗಸರು ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅರಿಷಿಣಕ್ಕ ಸುಣ್ಣ ಹಾಕಿದ್ರ ಕುಂಕುಮ ಆಗೂದು ಕೂಸಿಗೂ ಗೊತ್ತೈತ್ರಿ ಅಕ್ಕಾರ. ಸಾಬಾಣಾನೂ ಸುಣ್ಣದ ಜಾತಿನ ಇರಬೇಕು."

ಅರಿಷಿಣ ಬಿಡಿರಿ ಎಂದು ಕೀನಬಾಯಿ ಕೇಳಿದಳು. ನಾನು ಆ ಮಾತನ್ನು ಭಾಷಾಂತರ ಮಾಡಲಿಲ್ಲ. ಗಂಡನಿದ್ದವಳಿಗೆ ಅದನ್ನು ಹೇಳುವುದು ಎಂಥ ಮಾತು ಎಂದು ಆಕೆಗೇ ಬಿಡಿಸಿ ಹೇಳಿದೆ. ಆಕೆ, "ಹಾಗಾದರೆ ಅರಿಷಿಣವಿಲ್ಲದ ಕೈ ಯಾರದು?" ಎಂದಳು.

ಇಡೀ ಕೋಣೆ ಬಾಗಿಲ ಕಡೆ ನೋಡಿತು. ಬಾಗಿಲ ಹೊಸ್ತಿಲಿಗೆ ಹತ್ತಿ ನೀಲವ್ವ ಕೂತಿರುತ್ತಿದ್ದಳು. ಸಣ್ಣ ವಯಸ್ಸಿಗೇ ಗಂಡ ತೀರಿ, ಗೌರಿ ಎಂಬ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದ್ದವಳು. ಹಣೆ ಬರಿದು, ಕೈ ಬರಿದು. ತೊಳೆದ ಅಕ್ಕಿಯ ಹಾಗೆ ಶುಭ್ರವಾದ ಬೆರಳುಗಳು.

ಐರ್ಲಂಡಿನ ಹೆಣಿಗೆಯ ಕ್ರಮವೇ ನಮಗೆ ದಾರಿ ತೋರಿಸಿತು. ಅಲ್ಲಿ ಒಬ್ಬರೇ ಇಡೀ ಲೇಸು ಮಾಡುವುದಿಲ್ಲ. ಒಂದೊಂದು ಮನೆಯವರು ಒಂದೊಂದು ಬಿಡಿ ಮಾಡುತ್ತಾರೆ, ಹೂವೋ ಎಲೆಯೋ. ಕೊನೆಗೆ ಒಬ್ಬಳು ಎಲ್ಲವನ್ನೂ ಹಾಸಿಕೊಂಡು ನಡುವೆ ಜಾಳಿಗೆ ಹೆಣೆದು ಕೂಡಿಸುತ್ತಾಳೆ. ಇಳಕಲ್ಲಿನವರಿಗೆ ಇದು ಹೊಸದಲ್ಲ. ಸೀರೆಯ ಮೈ ಬೇರೆ, ಸೆರಗು ಬೇರೆ, ನಡುವೆ ಕೊಂಡಿ ಹಾಕಿ ಕೂಡಿಸುವುದು ಅವರ ಮನೆಯ ವಿದ್ಯೆ. ಸಣ್ಣ ಬಿಡಿಯಾದರೆ ಹಳದಿ ಹತ್ತಿದರೂ ಎರಡು ಬಿಸಿಲಿಗೆ ಬಿಡುತ್ತದೆ. ತಿಂಗಳುಗಟ್ಟಲೆ ಕೈಯಲ್ಲಿರುವ ದೊಡ್ಡ ಕೂಡಿಕೆ ಮಾತ್ರ ಬಣ್ಣವಿಲ್ಲದ ಕೈಗೇ ಹೋಗಬೇಕು. ಹೀಗೆ ಶುಭಕಾರ್ಯಕ್ಕೆ ಯಾರೂ ಕರೆಯದ ಕೈ ನಮ್ಮ ವರ್ಗದ ಮುಖ್ಯ ಕೈಯಾಯಿತು. ನೀಲವ್ವ ಹೊಸ್ತಿಲು ಬಿಟ್ಟು ಕಿಟಕಿಯ ಬೆಳಕಿಗೆ ಬಂದು ಕೂತಳು.

ಅವಳಿಗೆ ಇದು ಕೇವಲ ಗೌರವದ ಮಾತಾಗಿರಲಿಲ್ಲ. ಅವಳ ಅಣ್ಣ, ಲೇಸಿನಿಂದ ನಾಲ್ಕು ಕಾಸು ಬರುತ್ತಿರುವವರೆಗೆ ಇರು, ಇಲ್ಲವಾದರೆ ತಾಯಿ ಮಗಳಿಬ್ಬರೂ ಸೊಲ್ಲಾಪುರದ ನೂಲಿನ ಗಿರಣಿಗೆ ನಡೆಯಿರಿ ಎಂದಿದ್ದ. ಒಂದು ದಿನ ನೂಲು ಸುತ್ತುತ್ತ ನನಗೆ ಹೇಳಿದಳು: "ನಾ ಬೇಕಾದಲ್ಲಿ ಸಾಯ್ತೇನ್ರಿ ಅಕ್ಕಾರ. ನನ್ನ ಮಗಳನ್ನ ಮಾತ್ರ ಗಿರಣಿಗೆ ಹಾಕೂದಿಲ್ಲ."

ಈ ವರ್ಗ ಮುಚ್ಚಬಾರದು ಎಂದು ನಾನು ಆ ದಿನ ನಿಶ್ಚಯ ಮಾಡಿಕೊಂಡೆ.

ಮುಂದಿನ ಸಲ ಬಂದಾಗ ಕೀನಬಾಯಿ ಹೊಸ ಬಿಡಿಯೊಂದನ್ನು ಕಲಿಸಿದಳು. ಮೂರು ದುಂಡನೆಯ ಎಲೆ, ಒಂದು ತೊಟ್ಟು. ತನ್ನ ದೇಶದ ಹೊಲಗಳಲ್ಲಿ ನೆಲಕ್ಕೆ ಹತ್ತಿ ಬೆಳೆಯುವ ಶ್ಯಾಮರಾಕ್ ಎಂಬ ಸೊಪ್ಪು ಎಂದಳು. ಹಿಂದೆ ಅಲ್ಲಿಗೆ ಬಂದ ಸಂತನೊಬ್ಬ ಈ ಎಲೆ ಹಿಡಿದು, ಮೂರಾಗಿ ಕಂಡರೂ ದೇವರು ಒಬ್ಬನೇ ಎಂದು ಜನಕ್ಕೆ ತಿಳಿಸಿದನಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ರಾಚವ್ವ ಮುಂದೆ ಬಂದು ಆ ಬಿಡಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಕಣ್ಣಿಗೆ ಒತ್ತಿಕೊಂಡಳು.

"ಇದು ಪತ್ರಿ."

ನಮ್ಮಲ್ಲಿ ಪತ್ರಿ ಎಂದರೆ ಬಿಲ್ವಪತ್ರೆ, ಶಿವನ ತಲೆಯ ಮೇಲೆ ಏರಿಸುವ ಮೂರೆಲೆ. ಕೀನಬಾಯಿಗೆ ಹೇಳಿದೆ. ಆಕೆ, ಇರಬಹುದು, ಇರಬಾರದೇಕೆ ಎಂದಳು. ಅಂದಿನಿಂದ ಯಾರೂ ಮೀಯದೆ ಆ ಬಿಡಿ ಮುಟ್ಟಲಿಲ್ಲ. ಮುಗಿದದ್ದನ್ನು ಒಮ್ಮೆ ದೇವರ ಮಾಡದಲ್ಲಿಟ್ಟು ಆಮೇಲೆ ನನಗೆ ಕೊಡುತ್ತಿದ್ದರು. ಇಷ್ಟು ಒಪ್ಪವಾದ ಕೆಲಸ ನಮ್ಮ ವರ್ಗದಲ್ಲಿ ಮೊದಲು ಆಗಿರಲಿಲ್ಲ. ಖತೀಜಾಬಿಗೂ ಅದೇ ಬೇಕು. "ನಾ ಪತ್ರಿ ಅನ್ನೂದಿಲ್ಲ ಯವ್ವಾ, ಎಲಿ ಅಂತೀನಿ. ಆದ್ರ ಜಳಕಾ ಮಾಡಿ ಕೂಡ್ತೀನಿ."

ಮಿಸೆಸ್ ಹಾರ್ಟನ್ ಆ ಬಿಡಿಗಳನ್ನು ನೋಡಿ ಬಹಳ ಮೆಚ್ಚಿದರು. ವಿಲಾಯತಿಯಲ್ಲಿ ಅವರ ತಂಗಿಯ ಮದುವೆ ಗೊತ್ತಾಗಿತ್ತು. ಉಡುಪಿಗೆ ಇದೇ ಎಲೆಯ ಲೇಸು ಬೇಕು, ಬೇಸಿಗೆಗೆ ತಾವೇ ಒಯ್ಯುವುದು, ನಾಲ್ಕು ಜನ ನೋಡಿದರೆ ಬೇಡಿಕೆ ತಾನೇ ಬರುತ್ತದೆ, ಬಾರದಿದ್ದರೆ ವರ್ಗಕ್ಕೆ ದುಡ್ಡು ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ ಎಂದರು. ಒಳ್ಳೆಯ ಹೆಂಗಸೇ. ಮಾತೂ ಒಂದೇ, ಲೆಕ್ಕವೂ ಒಂದೇ. ಇಳಕಲ್ಲಿಗೆ ಬಂದು ಉಡುಪಿನ ಚಿತ್ರವನ್ನು ನಮ್ಮ ಚಾಪೆಯ ಮೇಲೆ ಬಿಡಿಸಿಟ್ಟು ಹೋದರು.

ಹೆಂಗಸರು ಸುತ್ತ ಬಗ್ಗಿ ನೋಡಿದರು. ರಾಚವ್ವನ ಬೆರಳು ಚಿತ್ರದ ಮೇಲಿಂದ ಕೆಳಗೆ ಇಳಿಯುತ್ತ ಹೋಗಿ, ನೆಲಕ್ಕೆ ಹಾಸಿ ಎಳೆದಾಡುವ ಲಂಗದ ಅಂಚಿನಲ್ಲಿ ನಿಂತಿತು. ಎಲೆಗಳೆಲ್ಲ ಅಲ್ಲಿದ್ದವು.

"ಇದು ಕಾಲಾಗ ಬರ್ತೈತಿ," ಎಂದಳು. ಸೂಜಿಯನ್ನು ಚಾಪೆಯ ಮೇಲಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. "ತಲಿ ಮ್ಯಾಲೆ ಏರಸೂದನ್ನ ಕಾಲಾಗ ತುಳೀಲಿಕ್ಕೆ ನಾ ಮಾಡಿಕೊಡೂದಿಲ್ರಿ ಅಕ್ಕಾರ. ಸರಕಾರ ಬಂದು ಕೇಳಲಿ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರಿಗೆ ಊಟ ಸೇರಲಿಲ್ಲ. "ನಾ ಸಾಹೇಬರ ಕೈಕೆಳಗಿನ ಮನಷಾ. ನೀ ಮಡ್ಡಮ್ಮನ ಮಾತು ಮೀರಿದ್ರ ನನ್ನ ಎಲ್ಲಿಗೆ ಒಗೀತಾರ ಗೊತ್ತದ ಏನು? ಆ ಎಲಿ ಕುತ್ತಿಗಿಗೆ ಬರ್ತದಂತ ಹೇಳಿಬಿಡು. ವಿಲಾಯತಿಗೆ ಹೋಗಿ ಯಾರು ನೋಡ್ತಾರ?"

"ನಾಳೆ ರಾಚವ್ವ ಕೇಳಿದ್ರ?"

"ರಾಚವ್ವಗ ಅಂಜತಿ, ಕಲೆಕ್ಟರಗ ಅಂಜೂದಿಲ್ಲೇನು?"

"ಕಲೆಕ್ಟರಗ ಬದ್ಲಿ ಆಗ್ತದ, ಹೋಗ್ತಾರ. ರಾಚವ್ವ ಇಲ್ಲೇ ಇರ್ತಾಳ."

ಅವರು ಬಹಳ ಹೊತ್ತು ಅಡಕೆ ಕತ್ತರಿಸುತ್ತ ಕೂತು, ಕೊನೆಗೆ "ಮುಂಜಾನೆ ಚಕ್ಕಡಿ ಹೇಳಿರ್ತೇನಿ," ಎಂದರು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇದು: ಕಲಿಯುವವರಿಗೆ ಸುಳ್ಳು ಹೇಳಿ ಮೇಲಿನವರನ್ನು ಮೆಚ್ಚಿಸಬಹುದು. ಆದರೆ ಅದಾದ ಮೇಲೆ ಆ ಚಾಪೆಯ ಮೇಲೆ ಕೂತುಕೊಳ್ಳುವುದು ಕಷ್ಟ.

ಬಾಗಲಕೋಟೆಯ ಬಂಗಲೆಯಲ್ಲಿ ನಾವಿಬ್ಬರು, ಕೀನಬಾಯಿ ಮತ್ತು ನಾನು, ಬೆತ್ತದ ಕುರ್ಚಿಯ ತುದಿಯಲ್ಲಿ ಕೂತೆವು. ನಾನು ವಿಷಯ ಹೇಳಿದೆ. ಮಿಸೆಸ್ ಹಾರ್ಟನ್ ಸಿಟ್ಟಾಗಲಿಲ್ಲ. ಆಶ್ಚರ್ಯಪಟ್ಟರು.

"ಅದು ಬರೀ ಒಂದು ಹುಲ್ಲಿನೆಲೆ."

ಕೀನಬಾಯಿಯ ಮೂಗಿನ ಮೇಲಿನ ಚುಕ್ಕೆಗಳು ಎದ್ದು ಕಂಡವು. "ಆ ಹುಲ್ಲಿನೆಲೆಯನ್ನು ಎದೆಗೆ ಸಿಕ್ಕಿಸಿಕೊಂಡಿದ್ದಕ್ಕೆ ನಿಮ್ಮ ಸಿಪಾಯಿಗಳು ನಮ್ಮ ಜನರನ್ನು ಹಿಡಿದೊಯ್ದರೆಂದು ನನ್ನ ಅಪ್ಪ ಹೇಳುತ್ತಿದ್ದ."

"ಹಳೆಯ ಕಥೆ, ಮಿಸ್ ಕೀನ್. ತೀರಿಕೊಂಡ ಮಹಾರಾಣಿಯವರೇ ಐರಿಷ್ ಸಿಪಾಯಿಗಳಿಗೆ ಅದನ್ನು ಧರಿಸಲು ಅಪ್ಪಣೆ ಕೊಟ್ಟರಲ್ಲ."

"ಕೊಟ್ಟರು, ಯುದ್ಧದಲ್ಲಿ ಸಾಕಷ್ಟು ಜನ ಸತ್ತ ಮೇಲೆ. ಅದೂ ಎಲ್ಲಿ? ಟೋಪಿಯಲ್ಲಿ, ಮ್ಯಾಡಂ. ತಲೆಯ ಮೇಲೆ. ಬೂಟಿನಲ್ಲಲ್ಲ."

ಮಿಸೆಸ್ ಹಾರ್ಟನ್ ಬಟ್ಟಲನ್ನು ಸಾಸರಿನ ಮೇಲಿಟ್ಟರು. ತಮ್ಮ ತಂಗಿ ಏನನ್ನು ಉಡಬೇಕೆಂದು ಆ ಹೆಂಗಸರು ನಿರ್ಧರಿಸುವುದಾದರೆ ಈ ವರ್ಗ ತಮಗೆ ಬೇಕಾಗಿಲ್ಲ ಎಂದರು. ಅದನ್ನು ಮೆಲ್ಲಗೆ ಹೇಳಿದರು, ಆದ್ದರಿಂದ ಅದು ಖರೆ ಎಂದು ನನಗೆ ಗೊತ್ತಾಯಿತು. ನೀಲವ್ವ ಮಗಳ ಕೈ ಹಿಡಿದು ಸೊಲ್ಲಾಪುರದ ಗಾಡಿ ಹತ್ತುವುದು ಕಣ್ಣಿಗೆ ಕಟ್ಟಿತು. ನಾನು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡೆ.

"ನಿಮ್ಮ ತಂಗಿ ತಲೆಯ ಮೇಲೆ ಮುಸುಕು ಹಾಕುವುದಿಲ್ಲವೇ?"

ಇಬ್ಬರೂ ನನ್ನತ್ತ ತಿರುಗಿದರು.

"ಎಲೆ ಮುಸುಕಿನ ಮೇಲಿರಲಿ. ನಮ್ಮವರು ಸಂತೋಷದಿಂದ ಮಾಡುತ್ತಾರೆ. ಲಂಗದ ಅಂಚಿಗೆ ಇಳಕಲ್ಲಿನ ಸೆರಗಿನ ನಮೂನೆ ಹಾಕೋಣ. ಇಡೀ ಇಂಗ್ಲೆಂಡಿನಲ್ಲಿ ಯಾರ ಹತ್ತಿರವೂ ಅದು ಇರುವುದಿಲ್ಲ."

ಕೊನೆಯ ಮಾತು ಅವರಿಗೆ ಹಿಡಿಸಿತು. ಕೀನಬಾಯಿ ಹೊರಗೆ ಬಂದ ಮೇಲೆ, "ನಾನು ಜಗಳ ಗೆದ್ದೆ, ನೀನು ಕೆಲಸ ಗೆದ್ದೆ," ಎಂದು ನನ್ನ ಕೈ ಒತ್ತಿದಳು.

ಇಳಕಲ್ಲಿನಲ್ಲಿ ಅಂಚಿಗೆ ಏನು ಹಾಕಬೇಕೆಂದು ದೊಡ್ಡ ಚರ್ಚೆಯಾಯಿತು. ಸೆರಗಿನ ಜೋಳದ ತೆನಿ ಬೇಡ, ಅದು ಅನ್ನ. ಗುಡ್ಡದ ಸಾಲು ಬೇಡ, ಗುಡ್ಡದ ಮೇಲೆ ಗುಡಿ ಇರುತ್ತದೆ. ಕೊನೆಗೆ ಹಣಿಗಿ, ತಲೆ ಬಾಚುವ ಹಣಿಗಿಯ ನಮೂನೆ, ನಿಂತಿತು. "ಹಣಿಗಿ ಹೆಂಗೂ ನೆಲಕ್ಕ ಬೀಳೂದ, ಇರಲಿ," ಎಂದಳು ರಾಚವ್ವ. ಸೂಜಿಗಳು ಮತ್ತೆ ಎದ್ದವು. ನಾನು ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು.

ಬಿಡಿಗಳೆಲ್ಲ ಮುಗಿದು ಕೂಡಿಸುವ ದಿನ ಬಂತು. ಕೀನಬಾಯಿಯೂ ಬಂದಿದ್ದಳು. ನೀಲವ್ವ ಕಿಟಕಿಯ ಹತ್ತಿರ ಬಟ್ಟೆ ಹಾಸಿ ಎಲೆಗಳನ್ನು ಜೋಡಿಸತೊಡಗಿದಳು. ರಾಚವ್ವ, "ನೀಲವ್ವಾ, ತಡಿ," ಎಂದಳು. ಆಮೇಲೆ ನನಗೆ, "ಇದು ಮದುವಿ ಹುಡುಗಿ ತಲಿ ಮ್ಯಾಲಿಂದು ಅಲ್ಲೇನ್ರಿ? ಈಕಿ ಕೈಲೆ ಬ್ಯಾಡ."

ಎಲೆಯನ್ನು ಕಾಲಿನಿಂದ ತಲೆಗೆ ಏರಿಸಿದವಳು ನಾನೇ. ಅದು ತಲೆಗೇರಿದ ಕೂಡಲೇ ಮದುವೆಯ ಶುಭಕ್ಕೆ ಸೇರಿತು, ನೀಲವ್ವ ಹೊರಗಾದಳು. ಅದು ನನಗೆ ಹೊಳೆದಿರಲಿಲ್ಲ.

"ಮತ್ತ್ಯಾರು ಕೂಡಸವರು?" ಎಂದಳು ಖತೀಜಾಬಿ. "ನಿಂದು ಹಳದಿ, ನಂದು ನೀಲಿ. ಹಚ್ಚಗಿನ ಮುಸುಕು ಮಾಡಿ ಕಳಸೂಣೇನು?"

ನೀಲವ್ವ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಬಟ್ಟೆ ಮಡಚುತ್ತಿದ್ದಳು. "ಖರೆ ಐತ್ರಿ ಅಕ್ಕಾರ. ನಾ ಒಲ್ಲೆ. ನಾಳೆ ಆ ಹುಡುಗಿಗೆ ಏನರೆ ಆದ್ರ ನನ್ನ ಕೈ ಹೆಸರು ಬರ್ತೈತಿ. ಒಂದ ಸಲ ಬಂದದ್ದು ಸಾಕು."

ನಾನು ಮೆತ್ತಗಿನ ಹೆಂಗಸು ಎಂದು ಎಲ್ಲರೂ ಹೇಳುತ್ತಾರೆ. ದನಿ ಏರಿಸುವುದು ನನಗೆ ಬರುವುದಿಲ್ಲ. ಆ ದಿನವೂ ಏರಿಸಲಿಲ್ಲ. "ನೀಲವ್ವ ಕೂಡಿಸಿದ್ರ ಮುಸುಕು ಆಗ್ತದ. ಇಲ್ಲದಿದ್ರ ಮುಸುಕೇ ಬ್ಯಾಡ. ನಾನ ಬಂಗಲೆಗೆ ಹೋಗಿ ಆಗೂದಿಲ್ಲಂತ ಹೇಳಿ, ಈ ಕೋಣಿಗೆ ಕೀಲಿ ಹಾಕ್ತೇನಿ. ಈಕಿನ್ನ ಹೊಸ್ತಲಿಗೆ ಕೂಡಿಸಿ ನಡಿಯೂ ವರ್ಗ ನನಗ ಬ್ಯಾಡ."

ಕೀನಬಾಯಿ ನನ್ನ ಮುಖ ನೋಡಿ, ಏನಾಯಿತು ಎಂದು ಕೇಳಿದಳು. ಹೇಳಿದೆ. ಆಕೆ ಎದ್ದು ಬಂದು ರಾಚವ್ವನ ಎದುರು ಚಾಪೆಯ ಮೇಲೆ ಕೂತಳು. ಬಿಗಿಯಾದ ಉಡುಪಿನಲ್ಲಿ ಕಾಲು ಮಡಚಲು ಬಾರದೆ ಒಂದು ಬದಿಗೆ ಚಾಚಿದಳು. ಆಕೆ ಹೇಳಿದ್ದನ್ನು ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ.

"ನನಗೆ ಲೇಸು ಕಲಿಸಿದ್ದು ನನ್ನ ಅಜ್ಜಿ. ಅಜ್ಜಿಗೆ ಕಲಿಸಿದ್ದು ಸಿಸ್ಟರುಗಳು, ಬರಗಾಲದಲ್ಲಿ."

ರಾಚವ್ವನ ಹುಬ್ಬು ಕೂಡಿತು. "ಅಲ್ಲೂ ಬರ ಬಿದ್ದಿತ್ತೇನು? ಬಿಳೇರ ದೇಶದಾಗ?"

"ಆಲೂಗಡ್ಡೆಯೇ ನಮ್ಮ ಅನ್ನ. ಅದು ನೆಲದಲ್ಲೇ ಕೊಳೆಯಿತು. ಅಜ್ಜಿಯ ಗಂಡ ದಾರಿಯ ಬದಿಗೆ ಸತ್ತ."

"ಸರಕಾರ ಏನ ಮಾಡ್ತು?"

"ಕಲ್ಲು ಒಡೆಸಿತು. ರಸ್ತೆ ಮಾಡಿದವರಿಗೆ ಕೂಳು ಎಂದಿತು. ಒಡೆಯಲು ಆಗದವರು ಸತ್ತರು."

ರಾಚವ್ವ ತನ್ನ ಹಳದಿ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳ ಕೆಳಗೆ ಹಳೆಯ ಗಾಯದ ಬಿಳಿ ಗೆರೆಯೊಂದಿತ್ತು. ಎಷ್ಟೋ ಸಲ ಆ ಕೈ ಹಿಡಿದು ಹೆಣಿಗೆ ತಿದ್ದಿದ್ದೆ, ಆ ಗೆರೆಯ ಬಗ್ಗೆ ಕೇಳಿರಲಿಲ್ಲ.

"ಡೋಗಿ ಬರದಾಗ ನಾನೂ ಕಲ್ಲ ಒಡದೇನಿ," ಎಂದಳು. ಮನುಷ್ಯರ ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದ ಆ ದೊಡ್ಡ ಬರವನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. "ಸಣ್ಣಾಕಿದ್ದೆ. ನಮ್ಮವ್ವ ಒಡದಾಕಿನ ಕುಂತಲ್ಲೇ ಹ್ವಾದ್ಲು." ಕೀನಬಾಯಿಯತ್ತ ತಿರುಗಿ ಕೇಳಿದಳು: "ನಿಮ್ಮಜ್ಜಿ ಏನ ಹೆಣೀತಿದ್ಲು?"

"ಮದುವೆಯ ಮುಸುಕು. ಇಂಗ್ಲೆಂಡಿನ ದೊಡ್ಡ ಮನೆಯ ಹುಡುಗಿಯರಿಗೆ."

"ರಂಡಿಮುಂಡಿ ಕೈಲೆ ಮಾಡಿ ಕೊಟ್ಲು. ಹಾಕ್ಕೊಂಡಾಕಿ ಬಾಳೇವು ಮಾಡಿದ್ಲೇನು?"

ಆ ಮಾತನ್ನು ಸ್ವಲ್ಪ ತೊಳೆದು ಇಂಗ್ಲಿಷಿಗೆ ತಂದೆ. ಕೀನಬಾಯಿ ನಗಲಿಲ್ಲ, ತುಟಿ ಮಾತ್ರ ಅಲುಗಿತು. "ಚೆನ್ನಾಗಿ ಬಾಳಿದರು. ಮಕ್ಕಳು ಮರಿ ಆದವು. ಆ ಮಕ್ಕಳೇ ಈಗ ನಿಮ್ಮನ್ನೂ ನಮ್ಮನ್ನೂ ಆಳುತ್ತಿರುವುದು."

ಖತೀಜಾಬಿಗೆ ನಗು ತಡೆಯಲಾಗಲಿಲ್ಲ. ಅದು ರಾಚವ್ವನಿಗೂ ಹತ್ತಿತು. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣು ಒರೆಸಿಕೊಂಡಾಗ ಕೆನ್ನೆಯ ಅರಿಷಿಣ ಸೆರಗಿಗೆ ಹತ್ತಿತು. "ಹಂಗಾರ ಇಂಥಾ ಕೈ ಭಾಳ ಘಟ್ಟಿ ಅನ್ನು," ಎಂದು ನೀಲವ್ವನತ್ತ ತಿರುಗಿದಳು. "ಬಿಚ್ಚ ಆ ಬಟ್ಟಿ. ಆ ಹುಡುಗಿಗೆ ಏನರೆ ಆದ್ರ ರಾಚವ್ವ ಹೇಳಿದ್ಲು ಅನ್ನು. ನನ್ನ ಹೆಸರ ಹೇಳು."

ನೀಲವ್ವ ನನ್ನ ಮುಖ ನೋಡಿದಳು, ಆಮೇಲೆ ಬಟ್ಟೆ ಬಿಚ್ಚಿದಳು. ಮೊದಲ ಎರಡು ಎಲೆಗಳನ್ನು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದಳು. ಮೂರನೆಯದನ್ನು ಒಂದೇ ಸಲಕ್ಕೆ ಕೂಡಿಸಿದಳು.

ಮುಸುಕು ಒಯ್ಯಲು ಬಂದ ಮಿಸೆಸ್ ಹಾರ್ಟನ್ ಕೈಗವಸು ಕಳಚಿ ಅದನ್ನು ಮುಟ್ಟಿ ನೋಡಿದರು. ಅವರು ಕೈಗವಸು ಕಳಚಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಬೇಡಿಕೆ ಬಂತು, ವರ್ಗ ನಿಂತಿತು, ಗುಡೂರಿನಲ್ಲಿ ಇನ್ನೊಂದು ಕೋಣೆಯೂ ಆಯಿತು. ರಾಚವ್ವ ಬಹಳ ದಿನ ನನ್ನನ್ನು ಕಂಡಾಗಲೆಲ್ಲ, "ಆ ಹುಡುಗಿ ಚಲೋ ಅದಾಳೇನ್ರಿ?" ಎಂದು ಕೇಳುತ್ತಿದ್ದಳು. ಗಂಡು ಮಗು ಆಯಿತೆಂದು ತಿಳಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು.

ಕೆಲಸದ ರೀತಿ ಆಮೇಲೆ ಬದಲಾಗುತ್ತ ಹೋಯಿತು. ವಿಲಾಯತಿ ಕೊಕ್ಕೆಸೂಜಿ ಸಿಗದಾದಾಗ ಅಕ್ಕಸಾಲಿಗರಿಂದ ಕೊಡೆಯ ಕಡ್ಡಿಗೆ ಅರ ಹಾಕಿಸಿ ಮಾಡಿಸಿದೆವು. ಅವೇ ಚಲೋ ಆದವು. ಯಂತ್ರದ ಲೇಸು ಬಾಗಲಕೋಟೆಯ ಪೇಟೆಗೇ ಗಜದ ಲೆಕ್ಕದಲ್ಲಿ ಬಂದ ಮೇಲೆ ಕಾಲರು ಬಿಟ್ಟು ಕುಪ್ಪಸದ ತೋಳು, ಕುಲಾವಿ, ದೇವರ ಪರದೆಗೆ ಇಳಿದೆವು. ಬಿಳಿ ನೂಲು ಬಿಟ್ಟು ಖತೀಜಾಬಿಯ ಮನೆಯ ಬಣ್ಣದ ನೂಲು ಹಿಡಿದೆವು. ಕೀನಬಾಯಿ ಅಣ್ಣನ ಜೊತೆ ತನ್ನ ದೇಶಕ್ಕೆ ಮರಳಿದಳು. ಅಲ್ಲಿ ಹೊಡೆದಾಟವಾಗಿ, ಮನೆಯ ಬಹುಪಾಲಿನ ಕೀಲಿಕೈ ಮನೆಯವರ ಕೈಗೇ ಬಂತೆಂದು ಪತ್ರಿಕೆಯಲ್ಲಿ ಓದಿದೆ. ನಮ್ಮದು ಇನ್ನೂ ಬರಬೇಕು.

ಗೌರಿ ಗಿರಣಿಗೆ ಹೋಗಲಿಲ್ಲ. ಇಳಕಲ್ಲಿನಲ್ಲೇ ಅವಳ ಮದುವೆಯಾಯಿತು. ಆ ಮುಂಜಾನೆ ನಾನು ಹೋದಾಗ ಹಂದರದಲ್ಲಿ ಹುಡುಗಿಗೆ ಅರಿಷಿಣ ಹಚ್ಚುತ್ತಿದ್ದರು. ನೀಲವ್ವ ಒಳಗೆ, ಕಾಳಿನ ಚೀಲಗಳ ಹಿಂದೆ ಕೂತಿದ್ದಳು. ರಾಚವ್ವ ಆಗ ಬಹಳ ಬಾಗಿದ್ದಳು. ಅರಿಷಿಣದ ಬಟ್ಟಲು ಕೆಳಗಿಟ್ಟು, ಗೋಡೆ ಹಿಡಿದು ಒಳಗೆ ಬಂದಳು.

"ಎಲ್ಲೈತಿ ಅದು?"

"ಏನವಾ?"

"ಸುಳ್ಳ ಹೇಳಬ್ಯಾಡ. ಮಗಳ ಮದುವಿಗೆ ನೀ ಏನೂ ಹೆಣದಿಲ್ಲ ಅಂದ್ರ ನಾ ನಂಬತೇನೇನು?"

ನೀಲವ್ವ ಪೆಟ್ಟಿಗೆಯ ತಳದಿಂದ ಮಡಚಿಟ್ಟ ಲೇಸೊಂದನ್ನು ತೆಗೆದಳು. ಬಿಳಿ ಪತ್ರಿಯ ಪಟ್ಟಿ, ತಲೆಯ ಸುತ್ತ ಬರುವಷ್ಟು ಅಗಲ. ಹೆಣೆದಿದ್ದಳು, ಕೊಡುವ ಧೈರ್ಯವಾಗಿರಲಿಲ್ಲ. ರಾಚವ್ವ ಅದನ್ನು ಕಸಿದುಕೊಂಡು, ಇನ್ನೊಂದು ಕೈಯಲ್ಲಿ ನೀಲವ್ವನ ರಟ್ಟೆ ಹಿಡಿದು ಹಂದರಕ್ಕೆ ಕರೆತಂದಳು. ಗೌರಿಯ ತಲೆಯ ಸುತ್ತ ಪಟ್ಟಿ ಸುತ್ತಿ, ಹಸಿ ಅರಿಷಿಣದ ಬೆರಳುಗಳಿಂದ ಹಿಂದೆ ಗಂಟು ಹಾಕಿ, ಎರಡೂ ಕಡೆ ಒತ್ತಿ ಸರಿಮಾಡಿದಳು. ಎಲೆಗಳ ಮೇಲೆ ಐದೂ ಬೆರಳು ಮೂಡಿದವು.

ನೀಲವ್ವ ಅಭ್ಯಾಸದಿಂದ ನನ್ನತ್ತ ನೋಡಿದಳು. "ಅಕ್ಕಾರ, ಹಳದಿ ಹತ್ತಿತ್ರಿ."

ಎಷ್ಟು ವರ್ಷ ನಾನು ಆ ಹಳದಿಯನ್ನು ಬಿಸಿಲಿಗೆ ಹಾಕಿ, ನಿಂಬೆ ಹಿಂಡಿ, ತೊಳೆದು ತೆಗೆದಿದ್ದೆನೋ.

"ಇರಲಿ ಬಿಡು ನೀಲವ್ವಾ," ಎಂದೆ.